ಕೂದಲು ಯಾರದು?

ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿ ಎಂಬ ಊರಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು 2023ರ ಜುಲೈ ತಿಂಗಳಿನಲ್ಲಿ ಊರಿನ ಕ್ಷೌರದಂಗಡಿಗೆ ಒಂದು ಕಾಗದ ಬರೆದರು. ನಮ್ಮ ಹುಡುಗರಿಗೆ ‘ಹೆಬ್ಬುಲಿ’ ಕಟಿಂಗ್ ಮಾಡಬೇಡಿ ಎಂಬುದು ಅದರ ಸಾರಾಂಶ. ಸುದೀಪ್ ಅವರ ‘ಹೆಬ್ಬುಲಿ’ ಚಿತ್ರ ಬಂದದ್ದು 2017ರಲ್ಲಿ. ಪಕ್ಕಗಳನ್ನು ಬೋಳಿಸಿದಂತೆ ಕತ್ತರಿಸಿ ನೆತ್ತಿಯ ಮೇಲೆ ಮಾತ್ರ ಪೊದೆ ಉಳಿಸುವ ಆ ಮಾದರಿ, ಆರು ವರ್ಷ ಕಳೆದರೂ ಹುಡುಗರ ತಲೆಯಿಂದ ಇಳಿದಿರಲಿಲ್ಲ. ಇದರಿಂದ ಓದಿನ ಕಡೆ ಗಮನ ತಪ್ಪುತ್ತಿದೆ ಎಂಬುದು ಹೆಡ್‌ಮಾಸ್ತರರ ಕೊರಗು. ಪತ್ರಿಕೆಯಲ್ಲಿ ಈ ಸುದ್ದಿ ಓದಿ ನಾವು ನಕ್ಕೆವು. ಆದರೆ ಅದೇ ಜಗಳ ಅಡ್ಯಾರಿನ ನಮ್ಮ ಮನೆಗಳಲ್ಲೂ ನಡೆಯುತ್ತಿದೆಯಲ್ಲ!

ನಮ್ಮ ಪರಿಚಯದ ಕನ್ನಡ ಕುಟುಂಬವೊಂದರ ಹುಡುಗ, ಒಂಬತ್ತನೆಯ ತರಗತಿ. ಶಾಲೆಯ ಹೆಸರು ಬೇಡ. ಪ್ರಾರ್ಥನೆಯ ಸಾಲಿನಿಂದ ಅವನನ್ನು ಹೊರಗೆಳೆದು, ಡ್ರಿಲ್ ಮಾಸ್ತರರು ಎಲ್ಲರೆದುರಿಗೆ ಕತ್ತರಿಯಿಂದ ಮುಂದಲೆಯಲ್ಲಿ ಒಂದು ಹಾದಿ ತೆಗೆದು ಕಳುಹಿಸಿದರು. ಹುಡುಗ ಉಳಿದದ್ದನ್ನೂ ಬೋಳಿಸಿಕೊಂಡು ನಾಲ್ಕು ದಿನ ಶಾಲೆಯ ಕಡೆ ತಲೆ ಹಾಕಲಿಲ್ಲ. ‘ಒಳ್ಳೆಯದೇ ಆಯಿತು ಬಿಡಿ, ನಾನು ಹೇಳಿದರೆ ಕೇಳುತ್ತಿರಲಿಲ್ಲ’ ಎಂದರು ತಂದೆ. ತಾಯಿ ಮಾತನಾಡಲಿಲ್ಲ.

ನಮ್ಮ ತಾತಂದಿರ ಕಾಲದಲ್ಲಿ ಈ ಜಗಳ ತಿರುಗಾಮುರುಗಾ ಆಗಿತ್ತು. ಪೇಟೆಯ ಹೈಸ್ಕೂಲಿಗೆ ಹೋದ ಹುಡುಗ ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡು ಬಂದರೆ ಮನೆಯಲ್ಲಿ ರಂಪ. ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲವೆಂಬ ಬೆದರಿಕೆ. ಇಂದು ಶಾಲೆಗಳು ‘ನೀಟು’ ಎಂದು ಬಯಸುವುದು ಅದೇ ಕ್ರಾಪನ್ನು. ಹೆಣ್ಣುಮಕ್ಕಳ ಪಾಡು ಇನ್ನೂ ಘೋರ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಹೇಳಬೇಕಾದ್ದಿಲ್ಲ: ತಲೆ ಅವಳದಾದರೂ ಕೂದಲು ಮನೆತನದ್ದು. ಹಾಗೆಂದು ಎಲ್ಲವೂ ಕಾಲದ ಮಹಿಮೆ ಎಂದು ಕೈ ತೊಳೆದುಕೊಳ್ಳಲಾಗದು. ಯಾವ ಕ್ರಾಪು ಚೆಂದ ಎಂಬುದನ್ನು ಹುಡುಗರಿಗೇ ಬಿಡೋಣ. ಒಬ್ಬನ ತಲೆಯ ಮೇಲೆ ಇನ್ನೊಬ್ಬರಿಗೆ ಎಷ್ಟು ಅಧಿಕಾರ ಎಂಬುದು ನಾವು ಯೋಚಿಸಬೇಕಾದ ಮಾತು.

ಶಾಲೆಯವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಪೈಪೋಟಿಗೆ ಕೊನೆಯಿಲ್ಲ. ಕೂದಲಿಗೆ ಬಣ್ಣ ಹಾಕಿಸಲು ದುಡ್ಡಿರುವವನು ಒಬ್ಬ, ತಿಂಗಳಿಗೊಮ್ಮೆ ಕ್ಷೌರಕ್ಕೇ ಲೆಕ್ಕ ಹಾಕುವವನು ಒಬ್ಬ. ಯೂನಿಫಾರ್ಮು ಈ ಅಂತರವನ್ನು ಸ್ವಲ್ಪ ಮುಚ್ಚುತ್ತದೆ. ಅದನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಯೂನಿಫಾರ್ಮನ್ನು ಸಂಜೆ ನಾಲ್ಕಕ್ಕೆ ಬಿಚ್ಚಿ ಗೂಟಕ್ಕೆ ಹಾಕಬಹುದು. ಕೂದಲನ್ನು ಹಾಗೆ ಮಾಡಲಾಗದು. ಚರ್ಮದಿಂದ ಹೊರಬಂದ ಕೂದಲು ನಿರ್ಜೀವ ಕೆರಾಟಿನ್ ಎಂದು ಬಿ.ಎಸ್‌ಸಿ.ಯಲ್ಲಿ ಓದಿದ್ದು ನೆನಪಿದೆ. ಕತ್ತರಿಸಿದರೆ ನೋವಿಲ್ಲ, ನಿಜ. ಅದು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ಬೆಳಗಿನ ಪ್ರಾರ್ಥನೆಯಲ್ಲಿ ಅರ್ಧ ನಿಮಿಷದಲ್ಲಿ ಕೊಟ್ಟ ಶಿಕ್ಷೆಯನ್ನು ಹುಡುಗ ಮದುವೆಮನೆಗೂ ದೇವಸ್ಥಾನಕ್ಕೂ ಬೆಸೆಂಟ್ ನಗರದ ಸಮುದ್ರತೀರಕ್ಕೂ ಎರಡು ಮೂರು ತಿಂಗಳು ಹೊತ್ತು ತಿರುಗುತ್ತಾನೆ. ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಯ (2009) 17ನೆಯ ಕಲಮು ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಕಾಯಿದೆಯ ವ್ಯಾಪ್ತಿ ಹದಿನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಕೂದಲಿನ ಜಗಳ ಶುರುವಾಗುವುದೇ ಅಲ್ಲಿಂದ!

ಇನ್ನೊಂದು ವಿಚಿತ್ರ ನೋಡಿ. ತಿರುಪತಿಗೆ ಮುಡಿ ಕೊಟ್ಟು ಬೋಳುತಲೆಯಲ್ಲಿ ಬಂದ ಹುಡುಗನನ್ನು ಯಾರೂ ಏನೂ ಅನ್ನುವುದಿಲ್ಲ. ನಮ್ಮ ಆಫೀಸಿನಲ್ಲಿ ಶಬರಿಮಲೆ ವ್ರತದ ನಲವತ್ತೊಂದು ದಿನ ಗಡ್ಡ ಬಿಟ್ಟವರಿಗೆ ‘ಸ್ವಾಮಿ’ ಎಂದು ಮರ್ಯಾದೆ. ಇದು ಸರಿಯಾದದ್ದೇ. ಎಂದರೆ ದೇವರ ಹರಕೆಗಾಗಿ ನಿಯಮ ಬಾಗುತ್ತದೆ, ತಂದೆತಾಯಿಗಳ ಇಷ್ಟಕ್ಕೂ ಬಾಗುತ್ತದೆ. ‘ನನಗೆ ಇದು ಚೆನ್ನಾಗಿ ಕಾಣುತ್ತದೆ’ ಎಂಬ ಹುಡುಗನ ಸ್ವಂತ ಕಾರಣವೊಂದಕ್ಕೆ ಮಾತ್ರ ಬಾಗುವುದಿಲ್ಲ. ಹದಿನೈದರ ಹುಡುಗನ ಇಷ್ಟ ಅಲ್ಪವಾದದ್ದಿರಬಹುದು. ಆದರೆ ಅವನಿಗೆಂದು ಇರುವ ಆಸ್ತಿ ತಾನೆ ಎಷ್ಟು? ಮನೆ ನಮ್ಮದು, ಊಟ ನಮ್ಮದು, ಪಿಯುಸಿಯಲ್ಲಿ ಯಾವ ವಿಷಯ ಎಂಬುದೂ ನಮ್ಮದೇ. ಇಲ್ಲಿ ಅದನ್ನು ಪ್ಲಸ್ ಟೂ ಎನ್ನುತ್ತಾರೆ, ತೀರ್ಮಾನ ಮಾತ್ರ ಅಪ್ಪನದೇ.

ಈ ನಿಯಮದ ಹಿಂದೆ ಶಿಸ್ತಿನ ಹೆಸರಿನಲ್ಲಿ ಬೇರೊಂದು ಅಳತೆಗೋಲೂ ಅಡಗಿರುತ್ತದೆ. ಚೆನ್ನೈಯಲ್ಲಿ ಬಣ್ಣ ಹಚ್ಚಿದ ಕೂದಲಿನ ಹುಡುಗರನ್ನು ‘ಪುಳ್ಳಿಂಗೋ’ ಎಂದು ಹಂಗಿಸುತ್ತಾರೆ. ಆ ಮಾತು ಬೊಟ್ಟು ಮಾಡುವುದು ಉತ್ತರ ಚೆನ್ನೈಯ ಬಡವರ ಕೇರಿಗಳ ಕಡೆಗೆ. ನಮ್ಮ ಮನೆಗಳಲ್ಲೂ ‘ಪುಳ್ಳಿಂಗೋ ಥರ ಕಾಣುತ್ತೀಯ’ ಎಂದು ಗದರಿಸುವಾಗ ನಮಗೆ ಭಯ ಕೂದಲಿನದೋ, ನೆರೆಯವರು ನಮ್ಮನ್ನು ಯಾರೆಂದು ತಿಳಿದಾರೆಂಬುದೋ? ಬೇರೆ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಬದುಕುವವರಿಗೆ ಈ ಭಯ ಸ್ವಲ್ಪ ಹೆಚ್ಚೇ. ಕರ್ನಾಟಕದಲ್ಲಂತೂ ಕತ್ತರಿಯ ಮುಂದೆ ಕೂರುವ ಹಕ್ಕೇ ಎಲ್ಲರಿಗೂ ಸಿಕ್ಕಿಲ್ಲ. ದಲಿತರಿಗೆ ಕ್ಷೌರ ಮಾಡಿದ್ದಕ್ಕೆ ದಂಡ ಹಾಕಿ ಬಹಿಷ್ಕರಿಸಿದರೆಂದು ನಂಜನಗೂಡು ತಾಲ್ಲೂಕಿನ ಹಲ್ಲರೆಯ ಕ್ಷೌರಿಕರೊಬ್ಬರು 2020ರಲ್ಲಿ ದೂರಿದ್ದು ಪತ್ರಿಕೆಗಳಲ್ಲಿ ಬಂದಿತ್ತು. 2025ರಲ್ಲಿ ಬಂದ ‘ಹೆಬ್ಬುಲಿ ಕಟ್’ ಎಂಬ ಕನ್ನಡ ಚಿತ್ರದಲ್ಲಿ ಆ ಕಟಿಂಗಿಗಾಗಿ ಆಸೆಪಡುವ ಹುಡುಗನಿಗೆ ಅಡ್ಡ ಬರುವುದು ಜಾತಿಯೇ.

ನಿಯಮಕ್ಕಾಗಿಯೇ ನಿಯಮ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಜಪಾನನ್ನು ನೋಡಬಹುದು. ತನ್ನ ಕೂದಲು ಹುಟ್ಟಿನಿಂದಲೇ ಕಂದು ಎಂಬುದು ಒಸಾಕಾದ ಹುಡುಗಿಯೊಬ್ಬಳ ವಾದ. ಬಣ್ಣ ಹಾಕಬಾರದೆಂಬ ಶಾಲೆ ಅವಳಿಗೆ ಮತ್ತೆ ಮತ್ತೆ ಕಪ್ಪು ಬಣ್ಣ ಹಾಕಿಸಿತು! ಅವಳು 2017ರಲ್ಲಿ ದಾವೆ ಹೂಡಿದಳು. 2021ರಲ್ಲಿ ನ್ಯಾಯಾಲಯ ಅವಳಿಗೆ 3,30,000 ಯೆನ್ ಪರಿಹಾರ ಕೊಡಿಸಿತಾದರೂ ನಿಯಮವನ್ನು ತಪ್ಪೆನ್ನಲಿಲ್ಲ. ಮರುವರ್ಷ ಟೋಕಿಯೋದ ಸರ್ಕಾರಿ ಪ್ರೌಢಶಾಲೆಗಳು ಇಂಥ ನಿಯಮಗಳನ್ನು ಕೈಬಿಟ್ಟವು.

ಅಷ್ಟು ದೂರವೇಕೆ, ನಮ್ಮ ಅಡ್ಯಾರಿನಲ್ಲೇ ಒಂದು ಹಳೆಯ ಮೊಕದ್ದಮೆಯುಂಟು. ಥಿಯಸಾಫಿಕಲ್ ಸೊಸೈಟಿಯ ನೌಕರರಾಗಿದ್ದ ನಾರಾಯಣಯ್ಯನವರ ಮಗ ಜಿಡ್ಡು ಕೃಷ್ಣಮೂರ್ತಿ 1909ರಲ್ಲಿ ಇಲ್ಲಿಗೆ ಬಂದಾಗ ಮುಂದಲೆ ಬೋಳಿಸಿ ಹಿಂದೆ ಉದ್ದ ಜುಟ್ಟು ಬಿಟ್ಟ ಹುಡುಗ. ಸೊಸೈಟಿಯ ಹಿರಿಯರು ಅವನನ್ನೂ ತಮ್ಮನನ್ನೂ ವಹಿಸಿಕೊಂಡ ಮೇಲೆ ಜುಟ್ಟು ಹೋಗಿ ಬೈತಲೆಯ ಕ್ರಾಪು ಬಂತು. ಮಕ್ಕಳನ್ನು ಹಿಂದಕ್ಕೆ ಕೊಡಿಸಿರೆಂದು ತಂದೆ 1912ರಲ್ಲಿ ಅನಿ ಬೆಸೆಂಟ್ ಅವರ ಮೇಲೆ ದಾವೆ ಹೂಡಿದರು. ಅದು ಕೂದಲಿನ ದಾವೆಯಲ್ಲ, ಅದಕ್ಕಿಂತ ದೊಡ್ಡ ಆರೋಪಗಳಿದ್ದವು. ಮದರಾಸಿನ ಹೈಕೋರ್ಟು 1913ರಲ್ಲಿ ತಂದೆಯ ಪರ ತೀರ್ಪಿತ್ತಿತು. 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ತಳ್ಳಿಹಾಕಿತು. ಅದು ಎತ್ತಿದ ಆಕ್ಷೇಪಗಳಲ್ಲಿ ಒಂದು: ಹುಡುಗರ ಇಷ್ಟವೇನೆಂದು ಯಾರೂ ವಿಚಾರಿಸಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಡೈರಿಯೊಂದು ಮನೆಗೆ ಬರುತ್ತದೆ. ‘ಕೂದಲು ನೀಟಾಗಿರಬೇಕು’ ಎಂಬ ಸಾಲು ಅದರಲ್ಲಿರುತ್ತದೆ. ಎಷ್ಟು ಸೆಂಟಿಮೀಟರು, ಮೀರಿದರೆ ಏನು ಎಂಬ ವಿವರವಿರುವುದಿಲ್ಲ. ಸರ್ಕಾರಿ ನೌಕರನಿಗೆ ಒಪ್ಪದ ಕೆಲಸ ಮಾಡಬಾರದೆಂದು ನಮ್ಮ 1964ರ ನಡತೆಯ ನಿಯಮಗಳಲ್ಲಿರುವ ವಾಕ್ಯದ ತಮ್ಮನಂತಿದೆ ಅದು. ಮೇಲಧಿಕಾರಿ ಹೇಗೆ ಓದಿದರೆ ಹಾಗೆ. ಆದರೆ ನಮ್ಮ ಮೇಲೆ ಕ್ರಮ ಕೈಗೊಳ್ಳುವ ಮೊದಲು ಮೆಮೊ ಕೊಟ್ಟು ಉತ್ತರ ಕೇಳುತ್ತಾರೆ. ಡೈರಿಯಲ್ಲಿ ಆ ಸಾಲಿನ ಕೆಳಗೆ ಸಹಿಗೆ ಒಂದೇ ಜಾಗ, ಪೋಷಕರದು. ಈ ಸಲದ ಪೋಷಕರ ಸಭೆಯಲ್ಲಿ ಎರಡನೆಯ ಸಹಿಯ ಜಾಗವೊಂದನ್ನು ಕೇಳಬೇಕೆಂದು ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಡ್ರಿಲ್ ಮಾಸ್ತರರ ಕತ್ತರಿಯ ಮಾತನ್ನು ಆ ಹುಡುಗನ ತಾಯಿಯೇ ಎತ್ತುತ್ತಾರಂತೆ.