ಹಿಟ್ಟಿನ ಕೋಳಿ, ಕಾಗದದ ಕತ್ತಿ

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುವ ಮನೆಗಳಲ್ಲಿ ಈಚೆಗೆ ಹೊಸದೊಂದು ಪ್ರಶ್ನೆ ಎದ್ದಿದೆ. ವಿಶ್ವಾರಾಧ್ಯರ ಮಠದಿಂದ ಹೆಸರಾದ ಅಬ್ಬೆತುಮಕೂರಿನಂತಹ ಊರಿರಲಿ, ಸಮೀಪದ ಯಾದಗಿರಿ ಪೇಟೆಯಿರಲಿ, ಹುಡುಗರ ಕೈಯಲ್ಲಿ ಮೊಬೈಲ್ ಇದೆ. ಅದರೊಳಗೆ ಜಪಾನಿನ ಚಿತ್ರಕಥೆಗಳಿವೆ. ಮಾಂಗಾ ಎಂದು ಕರೆಯಲ್ಪಡುವ ಈ ಕಥೆಗಳಲ್ಲಿ ಬಾಲಕರು ಮೆಚ್ಚುವವು ಬಹುಪಾಲು ಕಾಳಗದವು. ಒಬ್ಬ ಹುಡುಗ, ಅವನಿಗೊಬ್ಬ ವೈರಿ, ಪುಟಪುಟಕ್ಕೂ ಹೊಡೆದಾಟ. ಹೆಗಲ ಮೇಲಿಂದ ಇಣುಕಿದ ಅಜ್ಜಿಯು, "ಇರಿವಿ ತುಳಿಬ್ಯಾಡಂತ ಕಲಿಸಿದ ಮನ್ಯಾಗ ಇದೇನೋ ತಮ್ಮಾ?" ಎಂದು ಕೇಳಿದರೆ, "ಆಯಿ, ಇವು ಬರೇ ಚಿತ್ರ, ಯಾರೂ ಸಾಯಂಗಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರ ಜೈನ ಸಾಹಿತ್ಯಕ್ಕೆ ಹೊಸದಲ್ಲ. 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯ ಅರಸನೂ ಹೀಗೆಯೇ ಸಮಾಧಾನ ಪಟ್ಟುಕೊಂಡವನು. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದ. ಕಡಿದದ್ದು ಹಿಟ್ಟನ್ನು, ಆದರೆ ಕಡಿಯುವ ಸಂಕಲ್ಪ ಮಾತ್ರ ಹಿಟ್ಟಿನದಾಗಿರಲಿಲ್ಲ. ಆ ಒಂದು ಏಟಿನ ಫಲವಾಗಿ ತಾಯಿ ಮಗ ಇಬ್ಬರೂ ಹಲವು ಜನ್ಮ ತಿರ್ಯಂಚ ಗತಿಯಲ್ಲಿ ತೊಳಲಿದರು. ದ್ರವ್ಯಹಿಂಸೆ ಬೇರೆ, ಭಾವಹಿಂಸೆ ಬೇರೆ. ಮೊದಲನೆಯದು ಇಲ್ಲದಿದ್ದರೂ ಎರಡನೆಯದು ಇರಬಲ್ಲುದು ಎಂಬುದಕ್ಕೆ ಇದಕ್ಕಿಂತ ಖಚಿತವಾದ ದೃಷ್ಟಾಂತ ದೊರೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ದುಃಶ್ರುತಿಯನ್ನೂ, ಎಂದರೆ ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವುದನ್ನೂ, ಸೇರಿಸಿದ್ದಾರೆ. ಆದ್ದರಿಂದ ಅಜ್ಜಿಯ ಪ್ರಶ್ನೆಯನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಕಾಗದದ ಕತ್ತಿಯೂ ಹಿಟ್ಟಿನ ಕೋಳಿಯ ಜಾತಿಗೇ ಸೇರಿದ್ದು.

ಆದರೆ ಇಲ್ಲಿಯೇ ತೀರ್ಪು ಕೊಟ್ಟು ಪುಸ್ತಕ ಮುಚ್ಚುವುದು ಅವಸರದ ಕೆಲಸವಾದೀತು. ಕಾಳಗದ ಕಥೆಯೆಲ್ಲ ದುಃಶ್ರುತಿಯೆಂದಾದರೆ ಆದಿಪುರಾಣವನ್ನು ಏನು ಮಾಡುವುದು? 941ರಲ್ಲಿ ಅದನ್ನು ಬರೆದ ಪಂಪನು ಸ್ವತಃ ಯೋಧ. ಭರತ ಬಾಹುಬಲಿಗಳ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಕನ್ನಡಿಗರು ಸಾವಿರ ವರ್ಷಗಳಿಂದ ಮೈನವಿರೇಳಿಸಿಕೊಂಡೇ ಕೇಳಿದ್ದಾರೆ. ಎರಡೂ ಕಡೆಯ ಸೈನ್ಯ ಸಾಯಬಾರದೆಂದು ಮಂತ್ರಿಗಳು ಆ ಮೂರು ಧರ್ಮಯುದ್ಧಗಳನ್ನು ಸೂಚಿಸಿದರೆಂಬುದೂ ಕಥೆಯ ಒಳಗೇ ಇದೆ. ಅಣ್ಣನನ್ನು ಮೇಲೆತ್ತಿ ಹಿಡಿದ ತೋಳುಗಳೇ ಅವನನ್ನು ನೆಲಕ್ಕೆ ಅಪ್ಪಳಿಸದೆ ಇಳಿಸಿದವು; ಗೆದ್ದವನೇ ರಾಜ್ಯವನ್ನು ಬಿಟ್ಟು ನಡೆದ. ಶ್ರವಣಬೆಳಗೊಳದಲ್ಲಿ ಆ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನೂ ಅನೇಕ ಯುದ್ಧಗಳನ್ನು ಕಂಡ ಸೇನಾಪತಿ. ಕಾಳಗ ಕಥೆಯಲ್ಲಿದೆಯೇ ಎಂಬುದಕ್ಕಿಂತ ಕಥೆಯು ಕಾಳಗವನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದೇ ವಿಚಾರಣೀಯ.

ಈ ದೃಷ್ಟಿಯಿಂದ ಒಂದು ಮಾಂಗಾವನ್ನು ಪರಿಶೀಲಿಸಬಹುದು. ಮಕೊಟೊ ಯುಕಿಮುರಾ ಎಂಬಾತನ 'ವಿನ್‌ಲ್ಯಾಂಡ್ ಸಾಗಾ' 2005ರಲ್ಲಿ ಆರಂಭವಾಗಿ 2025ರಲ್ಲಿ ಮುಗಿಯಿತು. ಕಾಲ ಹನ್ನೊಂದನೆಯ ಶತಮಾನದ ಆದಿಭಾಗ, ಎಂದರೆ ಬೆಳಗೊಳದ ಮೂರ್ತಿ ನಿಂತ ಕೆಲವೇ ದಶಕಗಳ ಅನಂತರ. ಸ್ಥಳ ಉತ್ತರ ಯೂರೋಪಿನ ಸಮುದ್ರಗಳು. ಯುದ್ಧವನ್ನು ತೊರೆದು ಐಸ್‌ಲ್ಯಾಂಡಿನಲ್ಲಿ ಕುರಿ ಕಾಯುತ್ತಿದ್ದ ಥೋರ್ಸ್ ಎಂಬ ಮಹಾವೀರನನ್ನು ಅಸ್ಕೆಲಾಡ್ ಎಂಬ ದರೋಡೆಗಾರರ ನಾಯಕ ಮೋಸದಿಂದ ಕೊಲ್ಲುತ್ತಾನೆ. ನಿಜವಾದ ವೀರನಿಗೆ ಖಡ್ಗವೇ ಬೇಡ, ನೋಯಿಸಬಹುದಾದವರು ಈ ಲೋಕದಲ್ಲಿ ಯಾರೂ ಇಲ್ಲ ಎಂಬುದು ಆ ತಂದೆಯ ಉಪದೇಶ. ಮಗ ಥೋರ್ಫಿನ್ನನ ಕಿವಿಗೆ ಅದು ಬೀಳುತ್ತದೆ, ಎದೆಗೆ ಇಳಿಯುವುದಿಲ್ಲ. ಅವನು ಕೊಲೆಗಾರನ ತಂಡವನ್ನೇ ಸೇರುತ್ತಾನೆ. ಅಸ್ಕೆಲಾಡನೊಡನೆ ದ್ವಂದ್ವಯುದ್ಧ ಮಾಡುವ ಹಕ್ಕನ್ನು ಗಳಿಸಲು ಅವನು ತೆರುವ ಬೆಲೆ ಇತರರ ತಲೆಗಳು. ಅಸ್ಕೆಲಾಡನು ಬೇರೊಬ್ಬನ ಕೈಯಲ್ಲಿ ಸತ್ತಾಗ ಹುಡುಗನ ಬಳಿ ಉಳಿಯುವುದು ಏನೂ ಇಲ್ಲ. ವೈರವೆಂಬುದು ವರ್ಷವರ್ಷವೂ ಮುಂದಿನ ಪುಸ್ತಕಕ್ಕೆ ಒಯ್ಯುವ ಬಾಕಿಯಂತೆ. ಸಾಲಗಾರ ಸತ್ತ ದಿನ ಅಂಗಡಿಕಾರನಿಗೆ ತಿಳಿಯುತ್ತದೆ, ಇಷ್ಟು ಕಾಲ ಆ ಒಂದು ಬಾಕಿಯ ಹೊರತು ತನ್ನಲ್ಲಿ ಬೇರೆ ಬಂಡವಾಳವೇ ಇರಲಿಲ್ಲವೆಂದು. ಪಾರ್ಶ್ವನಾಥ ಸ್ವಾಮಿಯನ್ನು ಭವಭವಾಂತರಗಳಲ್ಲಿ ಬೆನ್ನಟ್ಟಿದ ಕಮಠನ ಕಥೆ ಬಲ್ಲವರಿಗೆ ಇದು ಹೊಸತೆನಿಸದು.

ಅನಂತರ ಥೋರ್ಫಿನ್ ಗುಲಾಮನಾಗಿ ಡೆನ್ಮಾರ್ಕಿನ ಒಂದು ಹೊಲಕ್ಕೆ ಮಾರಾಟವಾಗುತ್ತಾನೆ. ಕಾಡು ಕಡಿದು, ಬೇರು ಕಿತ್ತು, ಗೋಧಿ ಬಿತ್ತುತ್ತಾನೆ. ಕನಸಿನಲ್ಲಿ ತಾನು ಕೊಂದವರು ಕಾಲು ಹಿಡಿದೆಳೆಯುತ್ತಾರೆ. ಎಚ್ಚತ್ತು ಹಿಂಸೆಯನ್ನು ತ್ಯಜಿಸುವ ಪ್ರತಿಜ್ಞೆ ಕೈಗೊಳ್ಳುತ್ತಾನೆ. ಹೊಲವನ್ನು ಕಸಿಯಲು ಬಂದ ಅರಸನ ಭೇಟಿಗಾಗಿ ನೂರು ಹೊಡೆತಗಳನ್ನು ತಾಳಬೇಕೆಂಬ ಪಂಥ ಬಂದಾಗ, ಕೈಯೆತ್ತದೆ ತಾಳುತ್ತಾನೆ. ತನಗೆ ವೈರಿಗಳೇ ಇಲ್ಲ ಎಂಬುದು ಅವನು ಕೊಡುವ ಕಾರಣ.

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ನಾಲ್ಕು ಹೋಲಿಕೆಗಳನ್ನು ಕೊಟ್ಟಿದ್ದಾರೆ: ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ಇಂದು ವ್ಯಕ್ತಿತ್ವದ ಬೆಳವಣಿಗೆ ಎಂದು ಹುಡುಗರು ಮೆಚ್ಚುವುದು ಬಹುಮಟ್ಟಿಗೆ ಈ ಗೆರೆ ಕಲ್ಲಿನಿಂದ ನೀರಿನೆಡೆಗೆ ಸಾಗುವ ಪಯಣವನ್ನೇ. ನೀರಿನ ಗೆರೆಯೂ ಗೆರೆಯೇ ಎಂಬುದನ್ನು ಮರೆಯಬಾರದು. ಬಾಹುಬಲಿಯು ಎಲ್ಲವನ್ನೂ ಬಿಟ್ಟು ವರ್ಷಕಾಲ ನಿಂತರೂ ಒಂದು ಮುಳ್ಳು ಉಳಿದಿತ್ತು. ಅದು ಅಣ್ಣನಿಗೆ ತನ್ನಿಂದ ನೋವಾಯಿತೆಂಬ ಕೊರಗೆನ್ನುವವರುಂಟು; ಭರತನ ನೆಲದ ಮೇಲೆ ನಿಂತಿರುವೆನೆಂಬ ಅಭಿಮಾನವೆನ್ನುವವರೂ ಉಂಟು.

ಈ ಜಾತಿಯ ಕಥೆಗಳ ಮೇಲೆ ಹೊರಿಸಬೇಕಾದ ನಿಜವಾದ ಆಕ್ಷೇಪ ಬೇರೆಯೇ ಇದೆ. ಅವು ನಾಯಕನಿಗೆ ಕಾಲವನ್ನು ಧಾರಾಳವಾಗಿ ಕೊಡುತ್ತವೆ. ಎಷ್ಟೇ ಕೊಂದರೂ ಮುಂದಿನ ಸಂಪುಟದಲ್ಲಿ ಪಶ್ಚಾತ್ತಾಪಕ್ಕೆ ಜಾಗವಿರುತ್ತದೆ. ಇದೇ ಜಿಲ್ಲೆಯ ಸುರಪುರದ ರಾಜಾ ವೆಂಕಟಪ್ಪ ನಾಯಕನು ಬಾಲ್ಯದಲ್ಲಿಯೇ ಸಂಸ್ಥಾನದ ಒಡೆಯನಾದವನು. ಅವನ ಎಳವೆಯಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರನನ್ನು ಅವನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ಅಧಿಕಾರ ಕೈಗೆ ಬಂತು. 1858ರ ಫೆಬ್ರವರಿಯಲ್ಲಿ ಬ್ರಿಟಿಷರೊಡನೆ ಯುದ್ಧವಾಯಿತು. ಅದೇ ವರ್ಷ, ಇಪ್ಪತ್ನಾಲ್ಕರ ಆಸುಪಾಸಿನಲ್ಲಿ, ಸೆರೆಯಲ್ಲಿರುವಾಗಲೇ ಗುಂಡೇಟಿನಿಂದ ಮರಣ ಬಂತು. ಅದು ಹೇಗಾಯಿತೆಂಬುದರಲ್ಲಿ ಟೇಲರನ ಬರಹ ಒಂದಾದರೆ ಜನರ ಮಾತು ಇನ್ನೊಂದು. ನಾಡಿಗಾಗಿ ಹಿಡಿದ ಆ ಕತ್ತಿಯನ್ನು ವಿರೋಧಿ ಹಿಂಸೆಯೆಂದು ಗೃಹಸ್ಥಧರ್ಮವು ಬೇರೆಯಾಗಿಯೇ ಎಣಿಸೀತು. ಅವನನ್ನು ದೂರುವ ಮಾತಿಲ್ಲ. ಬೆಳೆಯಲು ಅವನಿಗೆ ಎರಡನೆಯ ಸಂಪುಟ ಸಿಗಲಿಲ್ಲ ಎಂಬುದಷ್ಟೇ ಮಾತು. ನಿಜವಾದ ಕತ್ತಿ ಹಿಡಿದ ಯಾವ ಹುಡುಗನಿಗೂ ಅದು ಸಿಗುವ ಭರವಸೆಯಿಲ್ಲ.

ಇನ್ನೊಂದು ತೊಡಕೂ ಇದೆ. ಥೋರ್ಫಿನ್ನನು ಹೊಲಕ್ಕೆ ಬರುವುದರೊಳಗೆ ಸುಮಾರು ಎಂಟು ಸಂಪುಟ ರಕ್ತಪಾತ ಮುಗಿದಿರುತ್ತದೆ. ನಡುವೆಯೇ ಬಿಟ್ಟ ಬಾಲಕನಿಗೆ ದಕ್ಕುವುದು ಕೊಲೆ ಮಾತ್ರ. ಗೋಧಿ ಬಿತ್ತುವ ಭಾಗ ಬೇಸರವೆಂದು ಪುಟ ಹಾರಿಸಿ ಮುಂದಿನ ಹೊಡೆದಾಟ ಹುಡುಕುವ ಓದುಗನೂ ಉಂಟು. ಅಂಥವನ ಕೈಯಲ್ಲಿ ಈ ಕಥೆಯೂ ದುಃಶ್ರುತಿಯೇ. ಅಂಥವನಿಗೆ ಆದಿಪುರಾಣವೂ ಮಲ್ಲಯುದ್ಧದಲ್ಲಿಯೇ ಮುಗಿದುಹೋಗುತ್ತದೆ. ಬಸದಿಯ ಪಾಠಶಾಲೆಗಳಲ್ಲಿ ಇವನ್ನು ನಿಷೇಧಿಸಬೇಕೆಂಬ ಸಲಹೆ ಆಡಳಿತ ಮಂಡಳಿಗಳ ಮುಂದೆ ಬಂದರೆ, ನಿಷೇಧವು ಮಂಡಳಿಗೆ ಸುಲಭ, ಪಾಲನೆ ಯಾರಿಗೂ ಸಾಧ್ಯವಿಲ್ಲ ಎಂಬುದನ್ನು ಮನಗಾಣಬೇಕು. ಕದ್ದು ಓದಿದ್ದನ್ನು ಕುರಿತು ಹಿರಿಯರು ಏನನ್ನೂ ಕೇಳಲಾರರು. ಒಟ್ಟಿಗೆ ಓದಿದ್ದಾದರೆ, ನೂರು ಏಟು ತಿನ್ನುವ ಪುಟದಲ್ಲಿ ನಿಲ್ಲಿಸಿ, ಇವನೇಕೆ ತಿರುಗಿ ಹೊಡೆಯಲಿಲ್ಲ ಎಂದು ಕೇಳಬಹುದು. ಅದಕ್ಕೆ ಅಜ್ಜಿಯೇ ಮೊಮ್ಮಗನ ಪಕ್ಕದಲ್ಲಿ ಕುಳಿತುಕೊಳ್ಳಬೇಕಾಗುತ್ತದೆ. ಕನ್ನಡಕ ಬೇಕಾದೀತು, ಈ ಕಥೆಗಳ ಚಿತ್ರಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದನ್ನು ಮೊಮ್ಮಗನೇ ಹೇಳಿಕೊಡಬೇಕಾದೀತು.