ಯಾರ ಪುರುಸೊತ್ತು?

‘ಇಷ್ಟೆಲ್ಲ ಕೆಲಸದ ನಡುವೆ ಬರೆಯೋಕೆ ಪುರುಸೊತ್ತು ಎಲ್ಲಿ ಸಿಗುತ್ತೆ ನಿಮಗೆ?’ ಮುಂಬಯಿಯ ಕನ್ನಡ ಕಾರ್ಯಕ್ರಮಗಳಲ್ಲಿ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅದರಲ್ಲಿ ಮೆಚ್ಚುಗೆಯೂ ಇರುತ್ತದೆ, ಮನೆ ಹೇಗೆ ನಡೆಯುತ್ತಿದೆಯೋ ಎಂಬ ಅನುಮಾನವೂ. (ಕ್ರಿಕೆಟ್ ನೋಡಲು ಪುರುಸೊತ್ತು ಎಲ್ಲಿಂದ ಎಂದು ನನ್ನ ಗಂಡನನ್ನು ಯಾರೂ ಕೇಳಿದ್ದಿಲ್ಲ.) ಇಲ್ಲಿನವರು ದಿನವೂ ಆಡುವ ಫುರ್ಸತ್ತೇ ಕನ್ನಡಕ್ಕೆ ಬಂದು ಪುರುಸೊತ್ತು ಆಗಿದೆ. ಬರುವಾಗ ಬಾಲಕ್ಕೊಂದು ‘ಸೊತ್ತು’ ಅಂಟಿಸಿಕೊಂಡು ಬಂದಂತೆ ನನ್ನ ಕಿವಿಗೆ ಕೇಳಿಸುತ್ತದೆ. ಸೊತ್ತು ಎಂದಮೇಲೆ ಒಡೆಯರೊಬ್ಬರು ಇರಬೇಕಲ್ಲ?

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್‌ನಲ್ಲೂ ಒಂದು ತಾಸಿನ ಮೇಲಾಗುತ್ತದೆ. ‘ರೈಲಿನಲ್ಲೇ ಬರೆಯಬಹುದಲ್ಲ’ ಎನ್ನುವವರು ಬೆಳಗಿನ ಲೇಡೀಸ್ ಡಬ್ಬಿ ಹತ್ತಿ ನೋಡಲಿ. ಅಲ್ಲಿ ಕೆಳಗಿಳಿಸಿದ ಕೈಯನ್ನು ಮತ್ತೆ ಮೇಲೆತ್ತಲೂ ಜಾಗವಿರುವುದಿಲ್ಲ. ಹಾಗಾಗಿ ನನಗುಳಿಯುವುದು ಭಾನುವಾರ ಬೆಳಗಿನ ಎರಡು ತಾಸು. ‘ನನಗುಳಿಯುವುದು’ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಆ ಎರಡು ತಾಸಿನಲ್ಲಿ ಮಗಳಿಗೆ ಸ್ನಾನ ಮಾಡಿಸಿ ಜಡೆ ಹಾಕುವವರು ನನ್ನ ಗಂಡ. ಮಂಡಿನೋವಿನ ಅತ್ತೆ ಒಲೆಯ ಮುಂದೆ ನಿಂತು ದೋಸೆ ಹುಯ್ಯುತ್ತಾರೆ. ಪಾತ್ರೆ ತೊಳೆಯುವ ಬಾಯಿ ತನ್ನ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದಿರುತ್ತಾಳೆ.

ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಗ್ಗೆ 5.30ಕ್ಕೇ ಮೇಜಿನ ಮುಂದೆ ಕೂತು ಬರೆದು, ಆಮೇಲೆ ದಿನದ ಕೆಲಸ ಹಿಡಿಯುತ್ತಿದ್ದವನು. ಹಾಗೆ ಬರೆದೇ 47 ಕಾದಂಬರಿಗಳಾದವು. ಶಿಸ್ತಿಗೆ ಅವನನ್ನು ಉದಾಹರಿಸುವವರು ಬಹಳ. ಆದರೆ 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವನೇ ಇನ್ನೊಬ್ಬನ ವಿಷಯ ಹೇಳುತ್ತಾನೆ. ಕುದುರೆ ನೋಡಿಕೊಳ್ಳುವ ಹಳೆಯ ಆಳೊಬ್ಬ ವರ್ಷಕ್ಕೆ 5 ಪೌಂಡ್ ಹೆಚ್ಚಿಗೆ ಪಡೆದು ಅವನನ್ನು ಎಬ್ಬಿಸಿ ಕಾಫಿ ಕೊಡುತ್ತಿದ್ದನಂತೆ. ತನ್ನ ಯಶಸ್ಸಿಗೆ ಬೇರೆಲ್ಲರಿಗಿಂತ ಆ ಆಳಿಗೇ ಹೆಚ್ಚು ಋಣಿಯೇನೋ ಎಂದೂ ಟ್ರಾಲಪ್ ಬರೆಯುತ್ತಾನೆ. ಎಬ್ಬಿಸುವವನು ಎಷ್ಟು ಗಂಟೆಗೆ ಏಳುತ್ತಿದ್ದ? ನನಗೆ ಆ ಶಿಸ್ತಿಗಿಂತ ಈ ಲೆಕ್ಕವೇ ಮುಖ್ಯವಾಗಿ ಕಾಣುತ್ತದೆ.

ಹಾಗಾದರೆ ಮಗಳು ದೊಡ್ಡವಳಾಗುವವರೆಗೆ ಕಾಯಬಹುದಲ್ಲ? ಇದಕ್ಕೆ ಎಂ. ಕೆ. ಇಂದಿರಾ ಅವರ ಉದಾಹರಣೆ ಕೊಡುತ್ತಾರೆ. 1917ರಲ್ಲಿ ಹುಟ್ಟಿದ ಅವರ ‘ತುಂಗಭದ್ರ’ ಬಂದದ್ದು 1963ರಲ್ಲಿ, ಸಂಸಾರವೆಲ್ಲ ಮಾಡಿದ ಮೇಲೆ. ಅದೇ 1963ರಲ್ಲಿ ತ್ರಿವೇಣಿ ತೀರಿಕೊಂಡರು, ಹೆರಿಗೆಯಾದ ಕೆಲವೇ ದಿನಗಳಲ್ಲಿ. ಆಗ ಅವರಿಗೆ 34 ವರ್ಷ, ಬರೆದದ್ದು ಸುಮಾರು ಇಪ್ಪತ್ತು ಕಾದಂಬರಿ. ಅವರೂ ನಲವತ್ತೈದು ದಾಟಲಿ ಎಂದು ಕಾದಿದ್ದರೆ? ಕಾಯುವುದು ಪುಣ್ಯದ ಕೆಲಸವೆಂದು ನಾನು ಒಪ್ಪಲಾರೆ. ಕಾಯುತ್ತ ಮನೆಮಂದಿಯ ಮೇಲೆ ಸಿಡುಕುವವರನ್ನೂ ಕಂಡಿದ್ದೇನೆ. ಆ ತ್ಯಾಗದ ಬಡ್ಡಿ ಕಟ್ಟುವವರು ಮಕ್ಕಳು.

ನನಗೆ ತೋಚಿರುವುದು ಇಷ್ಟೇ: ಹೊತ್ತನ್ನು ಬಾಯಿಬಿಟ್ಟು ಕೇಳಿ ಪಡೆಯಬೇಕು. ನಮ್ಮ ಮನೆಗಳಲ್ಲಿ ಕೇಳುವ ರೂಢಿ ಕಡಿಮೆ. ‘ಹೊಂದಿಸಿಕೊಳ್ಳುವುದು’ ಎಂದು ಅದಕ್ಕೊಂದು ಮರ್ಯಾದೆಯ ಹೆಸರಿದೆ. ಹೊಂದಿಸಿಕೊಂಡಾಗ ಯಾರೂ ಕೊಟ್ಟಂತಾಗುವುದಿಲ್ಲ, ಹಾಗಾಗಿ ಯಾರೂ ಇಲ್ಲವೆನ್ನುವಂತೆಯೂ ಇಲ್ಲ. ಶನಿವಾರ ರಾತ್ರಿ ನಾನು ಅತ್ತೆಯನ್ನು ಕೇಳುತ್ತೇನೆ. ಹೋದ ತಿಂಗಳು ‘ಈ ವಾರ ಆಗಲ್ಲ ಕಣೇ, ಕಾಲು ಸೆಳೀತಿದೆ’ ಅಂದರು. ಕಥೆ ಒಂದು ವಾರ ನಿಂತಿತು. ‘ಆಗಲ್ಲ’ ಎನ್ನಲು ಅವರಿಗೆ ಸಾಧ್ಯವಾಯಿತಲ್ಲ, ಉಳಿದ ವಾರಗಳ ‘ಹೂಂ’ಗೆ ಬೆಲೆ ಬಂದದ್ದು ಅದರಿಂದ.

ಈ ಮಾತು ಬಾಯಿಗೆ ಹೊಂದುವುದಿಲ್ಲ. ಕೆಲಸ ಬೇಕಾದವಳ ‘ಹೂಂ’ ಎಷ್ಟು ಸ್ವತಂತ್ರ? ಭಾನುವಾರ ರಜೆ ತೆಗೆದುಕೋ ಎಂದೆ. ಪಗಾರ ಕಡಿಮೆ ಮಾಡಬೇಡಿ ಎಂದಳು. ಮಾಡಲಿಲ್ಲ. ಆದರೆ ಸೋಮವಾರ ಅವಳಿಗೆ ಎರಡು ದಿನದ ಪಾತ್ರೆ ರಾಶಿ ಬಿದ್ದಿರುತ್ತಿತ್ತು. ರಜೆ ಕೊಟ್ಟ ಹಾಗೇ ಆಗಲಿಲ್ಲ. ಈಗ ಭಾನುವಾರದ ಪಾತ್ರೆ ನನ್ನ ಗಂಡ ತೊಳೆಯುತ್ತಾರೆ, ಮಗಳು ಸ್ಟೀಲ್ ಲೋಟ ಒರೆಸುತ್ತಾಳೆ, ವಿಪರೀತ ಸದ್ದು. ಮ್ಯಾಚ್ ಇರುವ ಭಾನುವಾರ ಏನು ಮಾಡುವುದೆಂದು ಇನ್ನೂ ಮಾತಾಗಿಲ್ಲ.