ನಾದ ಎಲ್ಲಿ ಒಡೆಯಬೇಕು?

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ನಡುವೆ ಒಂದು ಹಳೆಯ ಜಗಳವಿದೆ. ಸ್ವರ ಒಡೆದು ಒರಟಾಗಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಎಲ್ಲಿ ಒಡೆಯಬೇಕು ಎಂಬುದೇ ತಕರಾರು. ಆಂಪ್ಲಿಫೈಯರನ್ನು ಅದರ ತಾಕತ್ತಿನ ಅಂಚಿನವರೆಗೆ ದುಡಿಸಿದಾಗ ಹುಟ್ಟುವ ಡಿಸ್ಟಾರ್ಷನ್ನೇ ಅಸಲಿ, ಕಾಲಡಿಯ ಪೆಡಲ್ ಕೊಡುವುದು ಅದರ ನಕಲು ಎನ್ನುತ್ತದೆ ಒಂದು ಪಕ್ಷ. ಕೇಳುಗನ ಕಿವಿಗೆ ಬೀಳುವುದು ಸದ್ದು, ಆ ಸದ್ದಿನ ಜಾತಕ ಕಟ್ಟಿಕೊಂಡು ಅವನಿಗೇನು ಎನ್ನುತ್ತದೆ ಇನ್ನೊಂದು. ಅಂಗಡಿಯ ಕೌಂಟರಿಗೆ ಬಂದಾಗ ಈ ಜಗಳ ಸಾಮಾನ್ಯವಾಗಿ ಜೇಬಿನ ಲೆಕ್ಕದಲ್ಲಿ ಮುಗಿಯುತ್ತದೆ. ಆದರೆ ಅದರ ಹೊಟ್ಟೆಯೊಳಗೆ ಒಂದು ತಾತ್ತ್ವಿಕ ಪ್ರಶ್ನೆ ಕೂತಿದೆ: ಒಂದು ಪರಿಣಾಮವನ್ನು ಅದರ ಕಾರಣದಿಂದ ಬಿಡಿಸಿ ತೆಗೆದುಕೊಳ್ಳಬಹುದೇ? ತೆಗೆದುಕೊಂಡರೆ ಏನಾದರೂ ಕಳೆದುಹೋಗುತ್ತದೆಯೇ?

ಒಡೆಯುವುದೆಂದರೆ ಏನೆಂಬುದನ್ನು ಮೊದಲು ನೋಡೋಣ. ತಂತಿ ಮೀಟಿದಾಗ ಪಿಕಪ್‌ನಲ್ಲಿ ವಿದ್ಯುತ್ತಿನ ಒಂದು ಸಣ್ಣ ಅಲೆ ಹುಟ್ಟುತ್ತದೆ. ಅದನ್ನು ಹಿಗ್ಗಿಸುವ ಯಾವುದೇ ಸಾಧನಕ್ಕೂ ಒಂದು ಮಿತಿಯಿದೆ. ಆ ಮಿತಿ ಮುಟ್ಟಿದ ಮೇಲೆ ಅಲೆ ಏರಲಾರದು, ಅದರ ನೆತ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೊದಲಿಲ್ಲದ ಕಂಪನಗಳು ಸೇರಿಕೊಳ್ಳುತ್ತವೆ. ಕಿವಿ ಅವನ್ನೇ ಒರಟು, ಕಾವು, ಗರ್ಜನೆ ಎಂದು ಗುರುತಿಸುತ್ತದೆ. ಪೆಡಲ್‌ನಲ್ಲಿ ಈ ಮಿತಿಯನ್ನು ಎಂಜಿನಿಯರ್ ಬೇಕೆಂದೇ ಕಟ್ಟಿರುತ್ತಾನೆ. 1978ರಲ್ಲಿ ಬಂದ ಬಾಸ್ ಕಂಪನಿಯ ಡಿಎಸ್-1ನಂಥ ಪೆಟ್ಟಿಗೆಯಲ್ಲಿ, ಅಲೆ ಸುಮಾರು 0.6 ವೋಲ್ಟ್ ದಾಟಿದೊಡನೆ ಸಿಲಿಕಾನ್ ಡಯೋಡ್‌ಗಳು ಅದರ ತಲೆ ಕತ್ತರಿಸುತ್ತವೆ. ವಾಲ್ವ್, ಅಂದರೆ ನಿರ್ವಾತ ನಳಿಕೆಗಳಿಂದ ಕಟ್ಟಿದ ಆಂಪ್‌ನಲ್ಲಿ ಮಿತಿ ಒಂದೇ ಕಡೆ ಇರುವುದಿಲ್ಲ. ಪ್ರೀಆಂಪ್ ಎಂಬ ಮೊದಲ ಹಂತದ ಪುಟ್ಟ 12ಎಎಕ್ಸ್7 ವಾಲ್ವ್‌ಗಳು, ಅವುಗಳ ಹಿಂದಿನ ಇಎಲ್34ರಂಥ ಪವರ್ ವಾಲ್ವ್‌ಗಳು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಕೊನೆಗೆ ಸ್ಪೀಕರಿನ ಕಾಗದದ ಕೋನ್, ಒಂದೊಂದೂ ತನ್ನ ತನ್ನ ಹೊತ್ತಿಗೆ ಸೋಲುತ್ತದೆ. ರೆಕ್ಟಿಫೈಯರ್ ಕೂಡ ವಾಲ್ವಿನದಾಗಿದ್ದರೆ, ಜೋರಾಗಿ ಮೀಟಿದಾಗ ಒಳಗಿನ ವೋಲ್ಟೇಜ್ ಕುಸಿದು ಸ್ವರ ಕ್ಷಣಕಾಲ ಬಗ್ಗಿ ಮತ್ತೆ ಏಳುತ್ತದೆ.

ಇಷ್ಟು ತಿಳಿದ ಮೇಲೆ ಅಸಲಿ-ನಕಲಿ ವಾದವನ್ನು ಕೈಗೆತ್ತಿಕೊಳ್ಳಬಹುದು. ಅದು ಇತಿಹಾಸದ ಮುಂದೆ ನಿಲ್ಲುವುದಿಲ್ಲ. 1951ರ ಮಾರ್ಚಿನಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೋದಲ್ಲಿ ‘ರಾಕೆಟ್ 88’ ಮುದ್ರಣವಾದಾಗ, ಗಿಟಾರ್ ವಾದಕ ವಿಲ್ಲಿ ಕೈಜಾರ್ಟ್‌ನ ಆಂಪ್ ದಾರಿಯಲ್ಲೇ ಪೆಟ್ಟು ತಿಂದು ಬಂದಿತ್ತು. ಹರಿದ ಸ್ಪೀಕರಿಗೆ ಕಾಗದ ತುರುಕಿ ಕೆಲಸ ಸಾಗಿಸಿದರು; ಆ ಗೊರಗೊರ ಸದ್ದೇ ಹಾಡಿನ ಗುರುತಾಯಿತು. ಲಿಂಕ್ ರೇ 1958ರ ‘ರಂಬಲ್’ಗಾಗಿ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಕೊರೆದ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ‘ಯು ರಿಯಲಿ ಗಾಟ್ ಮಿ’ಗಾಗಿ ಬ್ಲೇಡಿನಿಂದ ಸ್ಪೀಕರನ್ನು ಸೀಳಿದ. ಆಂಪ್ ಕಟ್ಟುತ್ತಿದ್ದ ಲಿಯೋ ಫೆಂಡರ್‌ಗೆ ಬೇಕಿದ್ದದ್ದು ಜೋರಾದ, ಸ್ವಚ್ಛವಾದ ಸದ್ದು. ಅಂದರೆ ನಾವಿಂದು ಆಂಪ್‌ನ ‘ಸಹಜ ದನಿ’ ಎಂದು ಕೊಂಡಾಡುವುದು ಅದನ್ನು ಕಟ್ಟಿದವರ ಕಣ್ಣಿಗೆ ದೋಷವಾಗಿತ್ತು.

ಪೆಡಲ್ ಆದರೂ ಆಂಪನ್ನು ಅಣಕಿಸಲು ಹುಟ್ಟಿತೇ? ಅದೂ ಇಲ್ಲ. ಮಾರ್ಟಿ ರಾಬಿನ್ಸ್‌ನ ‘ಡೋಂಟ್ ವರಿ’ ಹಾಡು 1961ರಲ್ಲಿ ಬಂತು. ನ್ಯಾಶ್‌ವಿಲ್‌ನಲ್ಲಿ ಅದರ ಮುದ್ರಣ ನಡೆದಾಗ ಗ್ರೇಡಿ ಮಾರ್ಟಿನ್‌ನ ಆರು ತಂತಿಯ ಬೇಸ್ ಹರಿದುಬಂದದ್ದು ಮಿಕ್ಸಿಂಗ್ ಕನ್ಸೋಲಿನ ಕೆಟ್ಟುಹೋದ ಒಂದು ಚಾನೆಲ್ ಮೂಲಕ. ಆ ವಿಚಿತ್ರ ಸದ್ದು ಜನಕ್ಕೆ ಹಿಡಿಸಿತು. ಅಲ್ಲಿದ್ದ ಎಂಜಿನಿಯರ್ ಗ್ಲೆನ್ ಸ್ನಾಡಿ ಅದನ್ನೇ ಟ್ರಾನ್ಸಿಸ್ಟರುಗಳಲ್ಲಿ ಕಟ್ಟಿ ಗಿಬ್ಸನ್ ಕಂಪನಿಗೆ ಕೊಟ್ಟ. 1962ರಲ್ಲಿ ‘ಮೇಸ್ಟ್ರೋ ಫಝ್-ಟೋನ್’ ಮಾರುಕಟ್ಟೆಗೆ ಬಂತು. ಗಿಟಾರಿನಲ್ಲಿ ಟ್ರಂಪೆಟ್ಟು, ಚೆಲ್ಲೋ ಮುಂತಾದವುಗಳ ದನಿ ಹೊರಡಿಸುವ ಪೆಟ್ಟಿಗೆ ಎಂದು ಅದನ್ನು ಮಾರಿದರು. 1965ರ ‘ಸ್ಯಾಟಿಸ್ಫ್ಯಾಕ್ಷನ್’ನಲ್ಲಿ ಕೀತ್ ರಿಚರ್ಡ್ಸ್ ಅದನ್ನು ಬಳಸಿದ್ದು ಕೂಡ, ಮುಂದೆ ಬರಬೇಕಿದ್ದ ಹಿತ್ತಾಳೆ ವಾದ್ಯಗಳ ಜಾಗವನ್ನು ತಾತ್ಕಾಲಿಕವಾಗಿ ತುಂಬಲು. ಎರಿಕ್ ಕ್ಲ್ಯಾಪ್ಟನ್ ಮಾರ್ಷಲ್ ಆಂಪನ್ನು ಪೂರ್ತಿ ಏರಿಸಿ ನುಡಿಸಿದ, ಆಂಪ್ ಪಕ್ಷದವರ ಪಾಲಿಗೆ ಮೂಲಗ್ರಂಥದಂತಿರುವ ‘ಬ್ಲೂಸ್ ಬ್ರೇಕರ್ಸ್’ ಆಲ್ಬಂ ಬಂದದ್ದು 1966ರಲ್ಲಿ, ಪೆಡಲ್ ಬಂದು ನಾಲ್ಕು ವರ್ಷವಾದ ಮೇಲೆ. ಎರಡೂ ಕಡೆ ಮೂಲದಲ್ಲಿರುವುದು ಕೆಟ್ಟ ಯಂತ್ರಗಳೇ. ಕುಲೀನತೆಯ ಪ್ರಶ್ನೆ ಇಲ್ಲಿಗೆ ಬಿದ್ದುಹೋಗುತ್ತದೆ.

ಆದರೆ ಆಂಪ್ ಪಕ್ಷದವರು ಇನ್ನೂ ಸೂಕ್ಷ್ಮವಾದ ಒಂದು ಮಾತು ಹೇಳಬಲ್ಲರು. ಆಂಪ್‌ನಲ್ಲಿ ಒರಟು ಒಳಗಿನಿಂದ ಹೊಮ್ಮುತ್ತದೆ, ಪೆಡಲ್‌ನಲ್ಲಿ ಅದನ್ನು ಹೊರಗಿನಿಂದ ಹಚ್ಚುತ್ತಾರೆ ಎಂಬುದು ಆ ಮಾತು. ನಮ್ಮ ದರ್ಶನಗಳಲ್ಲಿ ಇದಕ್ಕೊಂದು ಹಳೆಯ ವ್ಯಾಜ್ಯವಿದೆ. ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುತ್ತದೆ, ಎಳ್ಳಿನಿಂದ ಎಣ್ಣೆ ಬಂದೀತೇ ಹೊರತು ಮರಳಿನಿಂದ ಬಾರದು ಎಂದರು ಸಾಂಖ್ಯರು. ಕಾರ್ಯವೆಂಬುದು ಹುಟ್ಟುವ ಮುನ್ನ ಇರಲಿಲ್ಲ, ಅದು ಹೊಸದಾಗಿಯೇ ಆರಂಭವಾಗುತ್ತದೆ ಎಂದರು ನ್ಯಾಯ-ವೈಶೇಷಿಕರು. ಆಂಪ್ ಪ್ರೇಮಿಗಳು, ತಮಗೆ ಗೊತ್ತಿಲ್ಲದೆಯೇ, ಸಾಂಖ್ಯರು.

ಭೌತಶಾಸ್ತ್ರ ಇಲ್ಲಿ ನೈಯಾಯಿಕರ ಪರ ಸಾಕ್ಷಿ ನುಡಿಯುತ್ತದೆ. 110 ಹರ್ಟ್ಸ್‌ನ ಷಡ್ಜ, ಅದರ ಮೇಲೆ 165 ಹರ್ಟ್ಸ್‌ನ ಪಂಚಮ, ಇವೆರಡನ್ನೇ ಒಟ್ಟಿಗೆ ನುಡಿಸಿ ಒಡೆಯಿರಿ. ಅವುಗಳ ವ್ಯತ್ಯಾಸವಾದ 55 ಹರ್ಟ್ಸ್, ಅಂದರೆ ಒಂದು ಸ್ಥಾಯಿ ಕೆಳಗಿನ ಷಡ್ಜ, ತಾನಾಗಿ ಮೂಡುತ್ತದೆ. ಅದನ್ನು ಯಾರ ಬೆರಳೂ ಮೀಟಿಲ್ಲ, ಯಾವ ತಂತಿಯಲ್ಲೂ ಅದಿರಲಿಲ್ಲ. ರಾಕ್ ಗಿಟಾರಿನವರು ‘ಪವರ್ ಕಾರ್ಡ್’ ಎಂದು ಕರೆಯುವ ಬರಿಯ ಸ-ಪ ಜೋಡಿ ಅಷ್ಟು ಗಟ್ಟಿಯಾಗಿ ಕೇಳುವುದರ ಗುಟ್ಟು ಇದು. ಅದೇ ಜೋಡಿಗೆ ಗಾಂಧಾರ ಸೇರಿಸಿದರೆ, ಹೀಗೆ ಹುಟ್ಟುವ ಹೊಸ ಕಂಪನಗಳು ಒಂದಕ್ಕೊಂದು ತಾಗಿ ಸದ್ದು ಕೆಸರಾಗುತ್ತದೆ. ಡಿಸ್ಟಾರ್ಷನ್ ಒಂದು ಬಣ್ಣ ಎಂದುಕೊಂಡವರು ಈ ಸಂಗತಿಯನ್ನು ಮರೆಯುತ್ತಾರೆ. ಯಾವ ಸ್ವರಗಳನ್ನು ಕೂಡಿಸಬಹುದು, ಯಾವುದನ್ನು ಬಿಡಬೇಕು ಎಂಬ ವ್ಯಾಕರಣವನ್ನೇ ಅದು ಬದಲಿಸಿತು. ಈ ಹೊಸ ಸ್ವರ ವಾಲ್ವಿನಲ್ಲಿ ಹುಟ್ಟಲಿ, ಡಯೋಡಿನಲ್ಲಿ ಹುಟ್ಟಲಿ, ಸಮನಾಗಿ ಹೊಸದು. ಒಳಗೆ, ಹೊರಗೆ ಎಂಬ ಭೇದಕ್ಕೆ ಇಲ್ಲಿ ಆಧಾರವಿಲ್ಲ.

ಹಾಗಾದರೆ ಎರಡೂ ಒಂದೇ ಎಂದು ಕೈತೊಳೆದುಕೊಳ್ಳಬಹುದೇ? ಆಗದು. ಆಂಪ್‌ನ ಪವರ್ ವಾಲ್ವ್‌ಗಳು ಒಡೆಯಬೇಕಾದರೆ ಆಂಪ್ ಗಟ್ಟಿಯಾಗಿ ಕೂಗಲೇಬೇಕು. ಸದ್ದಿನ ಗಾತ್ರವೂ ಒರಟುತನವೂ ಒಂದೇ ಗಂಟು. ಪೆಡಲ್ ಈ ಗಂಟನ್ನು ಬಿಚ್ಚಿತು: ಒರಟು ಬೇಕು, ಅಬ್ಬರ ಬೇಡ ಎನ್ನುವ ಸ್ವಾತಂತ್ರ್ಯ ಕೊಟ್ಟಿತು. ಆ ಸ್ವಾತಂತ್ರ್ಯದ ಮೌಲ್ಯ ಸಣ್ಣದಲ್ಲ. ಗಿಟಾರ್ ಸ್ಪೀಕರುಗಳು ಬಲು ಚುರುಕಿನವು. ಬರೀ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಹತ್ತಿರ ಕೂಗುತ್ತವೆ. ವ್ಯಾಟ್ ಇಳಿಸಿಯೂ ಹೆಚ್ಚು ಪಾರಾಗಲಾಗದು, ಏಕೆಂದರೆ ಶಕ್ತಿಯನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಕಿವಿಗೆ ಸದ್ದು ಸುಮಾರು ಅರ್ಧವಾಗುತ್ತದೆ ಅಷ್ಟೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ವಿಧಿಸಿರುವ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು ನೂರು ವ್ಯಾಟಿನ ಮಾರ್ಷಲ್ ಆಂಪನ್ನು ‘ಅಸಲಿ’ಯಾಗಿ ಒಡೆಯುವವನು ತನ್ನ ಅಸಲಿತನದ ಬಿಲ್ಲನ್ನು ಪಕ್ಕದ ಮನೆಯವರ ಕೈಗೆ ಕೊಡುತ್ತಾನೆ. ಬೇರೆಯವರ ನಿದ್ದೆಯಿಂದ ಕೊಂಡ ಪ್ರಾಮಾಣಿಕತೆಯನ್ನು ಹೊಗಳಲು ನನಗೆ ಮನಸ್ಸಿಲ್ಲ.

ಆಂಪ್ ತಯಾರಕರೂ ಇದನ್ನು ಬೇಗ ಒಪ್ಪಿಕೊಂಡರು. ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ 1970ರ ದಶಕದ ಆರಂಭದಲ್ಲಿ ತನ್ನ ಬೂಗಿ ಆಂಪ್‌ಗಳಲ್ಲಿ ಪ್ರೀಆಂಪ್ ವಾಲ್ವ್‌ಗಳನ್ನು ಒಂದರ ಹಿಂದೊಂದು ಜೋಡಿಸಿ, ಅಲ್ಲೇ ಒಡೆದು, ಆಮೇಲೆ ಸದ್ದನ್ನು ಇಳಿಸುವ ವ್ಯವಸ್ಥೆ ಮಾಡಿದ. 1975ರಲ್ಲಿ ಮಾರ್ಷಲ್ ಕೂಡ ‘ಮಾಸ್ಟರ್ ವಾಲ್ಯೂಮ್’ ನಾಬ್ ಇರುವ 2203 ಮಾದರಿ ತಂದಿತು. ಇವುಗಳಲ್ಲಿ ಪ್ರೀಆಂಪ್ ಹಂತ ಮಾಡುವ ಕೆಲಸ ಪೆಡಲ್‌ನದೇ. ಪೆಟ್ಟಿಗೆ ಮಾತ್ರ ಒಂದು. ಎರಡು ಪಕ್ಷಗಳ ನಡುವೆ ಎಳೆದ ಗೆರೆ ಆಂಪ್‌ನ ಒಳಗೇ ಹಾದುಹೋಗುತ್ತದೆ.

ಗೆರೆಯನ್ನು ಬೇರೆ ಕಡೆ ಎಳೆಯಬೇಕೆಂಬುದು ನನ್ನ ವಾದ. ಸದ್ದು ಎಲ್ಲಿ ಒಡೆಯಿತು ಎಂಬುದಕ್ಕಿಂತ, ಒಡೆದ ಮೇಲೆ ಕೈಗೆ ಏನು ಉಳಿಯಿತು ಎಂಬುದು ಮುಖ್ಯ. ಒಳ್ಳೆಯ ವಾಲ್ವ್ ಆಂಪನ್ನು ಒಡೆಯುವ ಅಂಚಿನಲ್ಲಿ ನಿಲ್ಲಿಸಿದಾಗ, ಮೆಲ್ಲಗೆ ಮೀಟಿದರೆ ಸ್ವರ ತಿಳಿಯಾಗಿರುತ್ತದೆ, ಒತ್ತಿ ಮೀಟಿದರೆ ಸಿಡುಕುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿದರೆ ಶಾಂತವಾಗುತ್ತದೆ. ಒರಟಿಗೂ ತಿಳಿಗೂ ನಡುವೆ ನೂರು ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಲ್ಲಿ ನಿಲ್ಲಬೇಕೆಂದು ಬೆರಳು ಪ್ರತಿ ಸ್ವರಕ್ಕೂ ತೀರ್ಮಾನಿಸುತ್ತದೆ. ಆಂಪ್ ಪ್ರೇಮಿಗಳು ‘ಸಹಜ’ ಎನ್ನುವಾಗ ನಿಜವಾಗಿ ಹೇಳಹೊರಟಿರುವುದು ಇದನ್ನೇ. ಗೇನ್, ಅಂದರೆ ಅಲೆಯನ್ನು ಹಿಗ್ಗಿಸುವ ಪ್ರಮಾಣ, ಏರಿಸಿದ ಸಾಧಾರಣ ಡಿಸ್ಟಾರ್ಷನ್ ಪೆಡಲ್ ಈ ಮೆಟ್ಟಿಲುಗಳನ್ನು ಕಿತ್ತುಹಾಕಿ ಎರಡೇ ಸ್ಥಿತಿ ಉಳಿಸುತ್ತದೆ: ಕಾಲಿಟ್ಟರೆ ಗರ್ಜನೆ, ಕಾಲಿಡದಿದ್ದರೆ ಇಲ್ಲ. ಆಯ್ಕೆಯ ಹಕ್ಕು ಬೆರಳಿನಿಂದ ಪಾದಕ್ಕೆ ವರ್ಗವಾಗುತ್ತದೆ.

ಆದರೆ ಈ ಗುಣ ಆಂಪ್‌ನ ಗುತ್ತಿಗೆಯಲ್ಲ. 1966ರಲ್ಲಿ ಲಂಡನ್ನಿನಲ್ಲಿ ಬಂದ ಫಝ್ ಫೇಸ್ ಕೇವಲ ಎರಡು ಟ್ರಾನ್ಸಿಸ್ಟರಿನ ಪೆಡಲ್. ಅದರ ಇನ್‌ಪುಟ್ ಗಿಟಾರಿನ ಪಿಕಪ್‌ಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆಯೆಂದರೆ, ಗಿಟಾರಿನ ವಾಲ್ಯೂಮ್ ಸ್ವಲ್ಪ ತಿರುಗಿಸಿದರೂ ಸದ್ದು ತಿಳಿಗೊಳ್ಳುತ್ತದೆ. ಜಿಮಿ ಹೆಂಡ್ರಿಕ್ಸ್ ಇದನ್ನು ಪೂರ್ತಿ ಏರಿಸಿದ ಮಾರ್ಷಲ್‌ಗಳ ಮುಂದಿಟ್ಟು ನುಡಿಸಿದ. ಅವನ ಯಾವ ಗರ್ಜನೆ ಪೆಡಲ್‌ನದು, ಯಾವುದು ಆಂಪ್‌ನದು ಎಂದು ಪಾಲು ಹಂಚಲಾಗದು. ಸ್ಟೀವಿ ರೇ ವಾನ್ ಟ್ಯೂಬ್ ಸ್ಕ್ರೀಮರ್ ಪೆಡಲ್‌ನ ಗೇನ್ ತಗ್ಗಿಸಿ, ಲೆವೆಲ್ ಏರಿಸಿ, ಆಗಲೇ ಬಿಸಿಯಾಗಿದ್ದ ಫೆಂಡರ್ ಆಂಪನ್ನು ಮುಂದಕ್ಕೆ ನೂಕಲು ಅದನ್ನು ಬಳಸಿದ. ಆ ಪೆಡಲ್‌ನ ಡಯೋಡ್‌ಗಳು ಕತ್ತರಿಸಿದ ಅಲೆಯ ಜೊತೆಗೆ ಕತ್ತರಿಸದ ಅಲೆಯೂ ಬೆರೆತು ಹೊರಬರುವುದರಿಂದ ಮೀಟಿನ ಏರಿಳಿತ ಪೂರಾ ಸಾಯುವುದಿಲ್ಲ. ಎದುರು ಕಡೆ, ಗೇನ್ ತುಂಬಿ ತುಳುಕುವ ಎಷ್ಟೋ ವಾಲ್ವ್ ಆಂಪ್‌ಗಳು ಬೆರಳಿನ ಮಾತು ಕೇಳುವುದರಲ್ಲಿ ಪೆಡಲ್‌ಗಿಂತ ಕಿವುಡು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಹಿಂದಿರುಗಲಾಗದ ಒರಟೇ ಬೇಕಾದ ಸಂಗೀತವೂ ಇದೆಯಲ್ಲ? ಮೆಟಲ್ ಗಿಟಾರ್‌ನಲ್ಲಿ ಪ್ರತಿ ಪೆಟ್ಟೂ ಒಂದೇ ಎತ್ತರದ ಗೋಡೆಯಾಗಿ ನಿಲ್ಲಬೇಕು. ಅಲ್ಲಿ ಮೃದುಮೀಟಿನ ಸೂಕ್ಷ್ಮ ಬೇಕಿಲ್ಲ. ಆಕ್ಷೇಪ ಸರಿ, ಆದರೆ ಅದು ನನ್ನ ಅಳತೆಗೋಲನ್ನು ಮುರಿಯುವುದಿಲ್ಲ. ಮೆಟಲ್‌ನಲ್ಲಿ ಕೈ ತನ್ನ ಅಧಿಕಾರವನ್ನು ಸದ್ದಿನ ಏರಿಳಿತದಿಂದ ಸದ್ದಿನ ಅಂತ್ಯಕ್ಕೆ ಸಾಗಿಸಿಕೊಂಡಿದೆ. ಅಂಗೈಯಂಚನ್ನು ಬ್ರಿಜ್ ಬಳಿ ಒತ್ತಿ ತಂತಿಯ ಬಾಯಿ ಮುಚ್ಚುವ ಪಾಮ್ ಮ್ಯೂಟ್ ಅಲ್ಲಿನ ನಿಜವಾದ ಕಲೆ. ಆದ್ದರಿಂದಲೇ ಮೆಟಲ್‌ನವರು ಟ್ಯೂಬ್ ಸ್ಕ್ರೀಮರನ್ನು ಆಂಪ್‌ನ ಮುಂದೆ ಇಡುವುದು ಕೆಳಸ್ವರ ಕತ್ತರಿಸಿ ಪೆಟ್ಟಿನ ಅಂಚನ್ನು ಚೂಪಾಗಿಸಲು. ನಮ್ಮ ತಂಬೂರಿಯನ್ನೂ ಇಲ್ಲಿ ನೆನೆಯಬೇಕು. ಬಾಗಿದ ಕುದುರೆಯ ಮೇಲೆ ತಂತಿಯ ಕೆಳಗೆ ನೂಲೆಳೆ ಸರಿಸಿ ಹೊರಡಿಸುವ ಆ ಝೇಂಕಾರವೂ ಬೇಕೆಂದೇ ತಂದುಕೊಂಡ ವಿಕೃತಿ. ವೀಣೆ ಮತ್ತು ತಂಬೂರಿಯ ಕುದುರೆಗಳ ಈ ವಿಶೇಷವನ್ನು ಸಿ.ವಿ. ರಾಮನ್ 1921ರಲ್ಲೇ ಬರೆದು ವಿವರಿಸಿದ್ದರು. ತಂಬೂರಿಯ ಝೇಂಕಾರ ಕಛೇರಿಯುದ್ದಕ್ಕೂ ಬದಲಾಗಬಾರದು, ಏಕೆಂದರೆ ಅದರ ಕೆಲಸ ಸ್ಥಿರವಾಗಿರುವುದು. ಎಲ್ಲಿ ಸ್ಥಿರತೆಯೇ ಧರ್ಮವೋ ಅಲ್ಲಿ ಮಿತಿಯನ್ನು ಮೊದಲೇ ಗೊತ್ತುಮಾಡಿ ಬಿಡುವುದು ಸರಿ. ಎಲ್ಲಿ ಮಾತಾಡಬೇಕೋ ಅಲ್ಲಿ ಮಿತಿ ಕೈಯಳತೆಯಲ್ಲಿರಬೇಕು.

ಈಗ ಡಿಜಿಟಲ್ ಸಾಧನಗಳು ಆಂಪ್, ಪೆಡಲ್ ಎರಡನ್ನೂ ಲೆಕ್ಕಾಚಾರದಿಂದ ಎಬ್ಬಿಸುತ್ತವೆ. ಅವುಗಳ ಬಗೆಗೂ ನನ್ನ ಪ್ರಶ್ನೆ ಇಷ್ಟೇ: ಅವು ಆಂಪ್‌ನ ಗರ್ಜನೆಯನ್ನು ಎಷ್ಟು ಹೋಲುತ್ತವೆ ಎಂಬುದು ಅಲ್ಪ ವಿಷಯ, ಬೆರಳು ಹಿಂಜರಿದಾಗ ಅವೂ ಹಿಂಜರಿಯುತ್ತವೆಯೇ?

ಆದ್ದರಿಂದ ಅಂಗಡಿಯಲ್ಲಿ ಗೇನ್ ನಾಬನ್ನು ಪೂರ್ತಿ ತಿರುಗಿಸಿ ಪರೀಕ್ಷಿಸುವುದರಿಂದ ಹೆಚ್ಚೇನೂ ತಿಳಿಯದು. ಗರ್ಜಿಸುವುದರಲ್ಲಿ ಎಲ್ಲ ಪೆಟ್ಟಿಗೆಗಳೂ ಶೂರರೇ. ಗಿಟಾರಿನ ವಾಲ್ಯೂಮನ್ನು ಮೂರಕ್ಕೆ ಇಳಿಸಿ, ಒಂದೇ ಸ್ವರವನ್ನು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಮೀಟಿ ನೋಡಬೇಕು. ನುಡಿಸಲು ತಕ್ಕ ಕೋಣೆಯೂ ಸಹಿಸುವ ನೆರೆಯೂ ಇದ್ದವರು ಸಣ್ಣ ವಾಲ್ವ್ ಆಂಪ್ ಕೊಳ್ಳಲಿ. ಬಾಡಿಗೆ ಆಂಪ್‌ಗಳ ಮೇಲೆ ನುಡಿಸುವವರು, ಅಪಾರ್ಟ್‌ಮೆಂಟಿನಲ್ಲಿ ಅಭ್ಯಾಸ ಮಾಡುವವರು, ಮೀಟಿಗೆ ಓಗೊಡುವ ಪೆಡಲ್ ಕೊಂಡು ನೆಮ್ಮದಿಯಾಗಿರಲಿ. ಅವರು ಏನನ್ನೂ ನಕಲು ಮಾಡುತ್ತಿಲ್ಲ. ಸ್ವರ ಒಡೆಯುವ ಕೆಲಸವನ್ನು ಯಾವ ಯಂತ್ರಕ್ಕಾದರೂ ಒಪ್ಪಿಸಬಹುದು. ಯಾವಾಗ ಒಡೆಯಬಾರದು ಎಂಬ ತೀರ್ಮಾನವನ್ನು ಒಪ್ಪಿಸಿದವನು ಮಾತ್ರ, ಅವನ ಹಿಂದೆ ಎಷ್ಟೇ ಬೆಲೆಯ ವಾಲ್ವ್ ಉರಿಯುತ್ತಿರಲಿ, ನುಡಿಸುವುದನ್ನು ಬಿಟ್ಟು ಸ್ವಿಚ್ ಒತ್ತುತ್ತಿದ್ದಾನೆ.